ಮೇಜಿನ ಕೆಳಗಿನ ಅಗ್ಗಿಷ್ಟಿಕೆ

ಕೊರ್ದೊಬಾಕ್ಕೆ ಹೊರಟ ಬಸ್ಸು ಗ್ರಾನಾದಾ ಊರನ್ನು ದಾಟಿ ಆಲಿವ್ ಗುಡ್ಡಗಳ ನಡುವೆ ಸಾಗುತ್ತಿದ್ದಾಗ ಫುಯೆನ್ಸಾಂತಾ ಬೂಟು ಕಳಚಿ, ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, "ಅಬ್ಬಾ, ಅಗ್ಗಿಷ್ಟಿಕೆ ಬಿಸಿ ಇನ್ನೂ ಅಂಗಾಲಲ್ಲೇ ಇದೆ ಕಣ್ರೇ" ಎಂದಳು. ಅಷ್ಟು ಹೇಳಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಬಂತು. ನಾನು ಮಾತ್ರ ನೆಟ್ಟಗೆ ಎದ್ದು ಕೂತೆ.

"ಲೇ, ಅದನ್ನ ಆರಿಸಿದ್ದು ಯಾರು?" ಎಂದೆ.

"ಯಾವುದನ್ನ?" ಎಂದಳು ಹಿಂದಿನ ಸೀಟಿನಿಂದ ನೆಕಾನೆ.

"ಅಗ್ಗಿಷ್ಟಿಕೇನ."

"ಕೊನೇಲಿ ಹೊರಗೆ ಬಂದಿದ್ದು ನೀನೇ ಅಲ್ವಾ ಬೆಲೆನ್?"

ಹೌದು, ಕೊನೆಯಲ್ಲಿ ಬಂದವಳು ನಾನೇ. ಬಾಗಿಲಿಗೆ ಬೀಗ ಹಾಕಿದವಳೂ ನಾನೇ. ಕಿಟಕಿ ಮುಚ್ಚಿದ್ದು ನೆನಪಿದೆ, ಗ್ಯಾಸು ಬಂದ್ ಮಾಡಿದ್ದು ನೆನಪಿದೆ, ಕಸದ ಚೀಲ ಕೈಯಲ್ಲಿ ಹಿಡಿದದ್ದು ನೆನಪಿದೆ. ಮೇಜಿನ ಕೆಳಗೆ ಬಗ್ಗಿ ಸ್ವಿಚ್ಚು ಒತ್ತಿದ್ದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಿಗೆ ಬರಲೊಲ್ಲದು. ಬಗ್ಗಿದ್ದೆನೋ, ಬಗ್ಗಬೇಕು ಅಂದುಕೊಂಡೆನೋ, ದೇವರಿಗೇ ಗೊತ್ತು.

ಗ್ರಾನಾದಾದ ಹಳೇ ಮನೆಗಳಲ್ಲಿ ಫೆಬ್ರವರಿಯಲ್ಲಿ ಬೀದಿಗಿಂತ ಒಳಗೇ ಚಳಿ ಜಾಸ್ತಿ. ನಾವು ಮೂವರು ಹುಡುಗಿಯರು ಬಾಡಿಗೆಗಿದ್ದ ನೆಲಮಹಡಿಯಲ್ಲಿ ಬದುಕೆಲ್ಲ ನಡೆಯುತ್ತಿದ್ದದ್ದು ಒಂದು ದುಂಡು ಮೇಜಿನ ಸುತ್ತ. ಮೇಜಿಗೆ ನೆಲ ಮುಟ್ಟುವ ದಪ್ಪ ಬಟ್ಟೆಯ ಲಂಗ. ಲಂಗದೊಳಗೆ, ಮೇಜಿನ ಕಾಲುಗಳ ನಡುವಿನ ಹಲಗೆಯಲ್ಲಿ, ಕರೆಂಟಿನ ಅಗ್ಗಿಷ್ಟಿಕೆ. ಲಂಗವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತರೆ ಸೊಂಟದ ಕೆಳಗೆ ಸ್ವರ್ಗ. ಓದುವುದು, ಉಣ್ಣುವುದು, ಜಗಳ ಆಡುವುದು ಎಲ್ಲ ಅಲ್ಲೇ. ಕದ್ದು ಬಟ್ಟೆ ಒಣಗಿಸುವುದೂ ಅಲ್ಲೇ. ಆ ವಾರವಿಡೀ ಮಳೆ. ಊರು ನೋಡಲು ಹೊರಟವಳಿಗೆ ಒಂದಾದರೂ ಒಣಗಿದ ಪ್ಯಾಂಟು ಬೇಡವೇ? ಬೆಳಿಗ್ಗೆ ಜೀನ್ಸನ್ನು ಅಗ್ಗಿಷ್ಟಿಕೆಯ ತಂತಿಬಲೆಯ ಮೇಲೆ ಹರಡಿದ್ದೆ. ಹೊರಡುವ ಹೊತ್ತಿಗೂ ಒಣಗಿರಲಿಲ್ಲ, ಬೇರೆ ಹಾಕಿಕೊಂಡು ಓಡಿ ಬಂದೆ. ಜೀನ್ಸು ಇನ್ನೂ ಅದರ ಮೇಲೇ ಇತ್ತು. ಹಾಳಾದ್ದು, ಇದು ಮಾತ್ರ ಚೆನ್ನಾಗಿ ನೆನಪಿತ್ತು.

ಮೇಲ್ಮಹಡಿಯಲ್ಲಿ ಮನೆಯ ಒಡತಿ ದೊನ್ಯಾ ಅಂಗುಸ್ತಿಯಾಸ್ ಇಲ್ಲದಿದ್ದರೆ, ಸುಟ್ಟರೆ ಸುಡಲಿ ಎಂದು ನಾನೂ ಕಣ್ಣು ಮುಚ್ಚುತ್ತಿದ್ದೆನೋ ಏನೋ. ದೊನ್ಯಾ ಅಂದರೆ ಅಮ್ಮನವರು; ವಯಸ್ಸು ಎಂಬತ್ತು ದಾಟಿತ್ತು. ಮದುವೆಯಾದವಳಲ್ಲ, ಊರಿನ ಅರ್ಧಕ್ಕರ್ಧ ಮದುವಣಗಿತ್ತಿಯರ ಉಡುಪು ಹೊಲಿದವಳು. ಮೊಣಕಾಲು ಹೋಗಿತ್ತು, ಮೆಟ್ಟಿಲು ಇಳಿಯಬೇಕೆಂದರೆ ಕಟಕಟೆ ಹಿಡಿದು ಒಂದೊಂದೇ ಹೆಜ್ಜೆ. ಬೆಂಕಿ ಬಿದ್ದರೆ ಓಡಿ ಬರುವ ಪೈಕಿ ಅಲ್ಲ. ಬಾಯಿ ಮಾತ್ರ ಚೆನ್ನಾಗಿ ಓಡುತ್ತಿತ್ತು. ನಾವು ಮನೆಗೆ ಬಂದ ಮೊದಲ ದಿನವೇ ಹೇಳಿದ್ದಳು: "ಮೇಜಿನ ಕೆಳಗೆ ಕಾಲು ಮಾತ್ರ. ಬಟ್ಟೆ ಇಟ್ರೆ ಬಟ್ಟೆ ಜೊತೆ ನೀವೂ ಹೊರಗೆ."

ಅವಳಿಗಿಂತ ಜೋರು ಅವಳ ತಂಗಿಯ ಮಗಳು ಎನ್‌ಕಾರ್ನಿ. ಆಸ್ಪತ್ರೆಯಲ್ಲಿ ನರ್ಸು. ದಿನಾ ಡ್ಯೂಟಿ ಮುಗಿಸಿ ದೊಡ್ಡಮ್ಮನಿಗೆ ಊಟದ ಡಬ್ಬಿ ತಂದುಕೊಟ್ಟು, ಮಾತ್ರೆ ನುಂಗಿಸಿ ಹೋಗುವವಳು. ಎರಡು ಚಳಿಗಾಲದ ಹಿಂದೆ ದೊನ್ಯಾಳ ನಿಲುವಂಗಿಯ ಅಂಚಿಗೆ ಬೆಂಕಿ ಹತ್ತಿತ್ತಂತೆ. ಅವತ್ತೇ ಎನ್‌ಕಾರ್ನಿ ಮುದುಕಿಯ ಅಗ್ಗಿಷ್ಟಿಕೆಯನ್ನು ಕಿತ್ತುಕೊಂಡು ಹೋಗಿ, ಗೋಡೆಗೆ ಬಿಸಿಗಾಳಿ ಊದುವ ಯಂತ್ರ ಹಾಕಿಸಿದ್ದಳು. ಹೋದ ತಿಂಗಳು ನಮ್ಮ ಮೇಜಿನ ಲಂಗ ಎತ್ತಿ ನೋಡಿದಾಗ ಒಂದು ಕಾಲುಚೀಲ ಸಿಕ್ಕಿತು. "ಇನ್ನೊಂದು ಸಲ ಹೀಗಾದ್ರೆ ಮೂವರೂ ಗಂಟುಮೂಟೆ ಕಟ್ಟಿ" ಎಂದಿದ್ದಳು. ವರ್ಷದ ನಡುವೆ ಗ್ರಾನಾದಾದಲ್ಲಿ ಕೋಣೆ ಹುಡುಕುವುದೆಂದರೆ ಹುಡುಗಾಟವಲ್ಲ.

ಬಸ್ಸಿನಲ್ಲೇ ದೊನ್ಯಾಗೆ ಫೋನು ಮಾಡಿದೆ. ಅವಳದ್ದು ಮನೆಯ ಫೋನು, ಮೊಬೈಲು ಇಲ್ಲ. ಮಂಚದ ಪಕ್ಕ ಕೈಗೆಟಕುವ ಹಾಗೆ ಇಟ್ಟುಕೊಂಡಿರುತ್ತಾಳೆ, ಎರಡು ಸಲ ಹೊಡೆದುಕೊಳ್ಳುವುದರೊಳಗೆ ಎತ್ತಿ "ಹೇಳು!" ಎಂದು ಗದರುತ್ತಾಳೆ. ಈಗ ಹೊಡೆದುಕೊಂಡಿತು, ಹೊಡೆದುಕೊಂಡೇ ಇತ್ತು, ನಿಂತಿತು.

"ಬ್ರೆಡ್ಡಿಗೆ ಹೋಗಿರ್ತಾಳೆ ಬಿಡು" ಎಂದಳು ನೆಕಾನೆ.

"ಮಳೇಲಾ?"

"ಹಾಗಾದ್ರೆ ಕಕ್ಕಸಿಗೆ ಹೋಗಿರ್ತಾಳೆ. ಮುದುಕೀರು ಕಕ್ಕಸಿಗೆ ಹೋಗ್ಬಾರ್ದಾ? ಬಿಲ್ಬಾವೋದಲ್ಲಿ ನಮ್ಮಜ್ಜಿ ಒಳಗೆ ಹೋದ್ರೆ ಪೇಪರ್ ಪೂರ್ತಿ ಓದಿಯೇ ಹೊರಗೆ ಬರೋದು."

ನಾನು ನಗಲಿಲ್ಲ. ನಕ್ಕಿದ್ದರೆ ಅಳು ಬರುತ್ತಿತ್ತು.

ಫುಯೆನ್ಸಾಂತಾಳ ತಾಯಿ ಆರಾಸೆಲಿ ನಮಗಾಗಿ ಬೆಳಗಿನಿಂದ ಅಡುಗೆ ಮಾಡಿದ್ದಳು. ಟೊಮ್ಯಾಟೊ ಮತ್ತು ಬ್ರೆಡ್ಡು ರುಬ್ಬಿ ಮಾಡಿದ ದಪ್ಪ ತಣ್ಣನೆ ಸಾರು, ಮೇಲೆ ಹೆಚ್ಚಿದ ಮೊಟ್ಟೆ. ಕೋಲಿನುದ್ದ ಕರಿದ ಹಂದಿಮಾಂಸದ ಸುರುಳಿ. ಎಲ್ಲರೂ ಮೇಜಿನ ಸುತ್ತ ಕೂತೆವು. ಲಂಗದ ಮೇಜು. ಕೆಳಗೆ ಅಗ್ಗಿಷ್ಟಿಕೆ. ಕಾಲಿಗೆ ಬಿಸಿ ತಗುಲಿದ್ದೇ ನಾನು ಚಮಚ ಕೆಳಗಿಟ್ಟೆ.

"ಯಾಕಮ್ಮ, ತಿಂತಾ ಇಲ್ಲ? ನಮ್ಮ ಊರಿನ ಊಟ ಸೇರಲ್ವಾ?" ಎಂದಳು ಆರಾಸೆಲಿ.

"ಅವಳು ಅಗ್ಗಿಷ್ಟಿಕೆ ಆರಿಸೋದು ಮರ್ತು ಬಂದಿದಾಳಂತೆ. ದಾರಿ ಉದ್ದಕ್ಕೂ ಅದೇ ಜಪ" ಎಂದು ಫುಯೆನ್ಸಾಂತಾ ಬಾಯಿ ತುಂಬ ತುಂಬಿಕೊಂಡು ಹೇಳಿದಳು. ಜೀನ್ಸಿನ ವಿಷಯ ಅವಳಿಗಿನ್ನೂ ಗೊತ್ತಿರಲಿಲ್ಲ.

"ಅಯ್ಯೋ, ಬರೀ ಅಗ್ಗಿಷ್ಟಿಕೆ ತಾನೇ? ಉರಿಯತ್ತೆ, ಬಿಲ್ಲು ಬರತ್ತೆ, ಅಷ್ಟೇ. ಮೇಲೆ ಬಟ್ಟೆ ಗಿಟ್ಟೆ ಇದ್ರೆ ಮಾತ್ರ ಕಷ್ಟ. ಈ ಬೀದಿ ಕೊನೇಲಿ ಒಬ್ಳು ಮಗೂದು ಚಡ್ಡಿ ಒಣಗೋಕೆ ಹಾಕಿ ಅಂಗಡಿಗೆ ಹೋದ್ಲು ನೋಡು. ವಾಪಸ್ ಬರೋ ಅಷ್ಟ್ರಲ್ಲಿ ಮನೆ ತುಂಬ ಹೊಗೆ. ಮೇಲ್ಗಡೆ ಮನೇಲಿದ್ದೋರು..." ಅಷ್ಟರಲ್ಲಿ ನನ್ನ ಮುಖ ನೋಡಿದಳೋ ಏನೋ, ಮಾತು ನಿಲ್ಲಿಸಿ ಹಣ್ಣಿನ ತಟ್ಟೆ ಮುಂದೆ ತಳ್ಳಿದಳು.

ಮೇಲ್ಗಡೆ ಮನೆಯವರಿಗೆ ಏನಾಯಿತೆಂದು ನಾನು ಕೇಳಲಿಲ್ಲ. ಎದ್ದು ಹೋಗಿ ನಡುಮನೆಯಲ್ಲಿ ನಿಂತು ಮತ್ತೆ ಫೋನು ಮಾಡಿದೆ. ಹೊಡೆದುಕೊಂಡಿತು, ನಿಂತಿತು.

ಶನಿವಾರ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಫುಯೆನ್ಸಾಂತಾ ಕೊಡೆಯನ್ನು ಕೋಲಿನ ಹಾಗೆ ಎತ್ತಿ ಹಿಡಿದುಕೊಂಡು ನಮ್ಮನ್ನು ಮೆರವಣಿಗೆ ಹೊರಡಿಸಿದಳು. ಒಂದು ವರ್ಷದಿಂದ ಕರೆಯುತ್ತಿದ್ದಳು ಪಾಪ, "ನಮ್ಮೂರಿಗೆ ಬನ್ರೇ, ನಿಮ್ಮ ಗ್ರಾನಾದಾದ ಜಂಬ ಇಳಿಸ್ತೀನಿ" ಎಂದು. ಸುಣ್ಣ ಬಳಿದ ಗಲ್ಲಿಗಳು, ಗೋಡೆಯ ತುಂಬ ನೀಲಿ ಹೂಕುಂಡಗಳು, ಹಳೇ ಸೇತುವೆಯ ಕೆಳಗೆ ಮಣ್ಣಿನ ಬಣ್ಣದ ಹೊಳೆ. ನೆಕಾನೆ ಪ್ರತಿ ಮೂಲೆಯಲ್ಲೂ ಫೋಟೊ ತೆಗೆದಳು. ಅವುಗಳಲ್ಲಿ ಯಾವುದನ್ನು ನೋಡಿದರೂ ನಾನು ಕಿವಿಗೆ ಫೋನು ಹಿಡಿದುಕೊಂಡು ನಿಂತಿದ್ದೇನೆ, ಸಾಲ ವಸೂಲಿಗೆ ಬಂದವಳ ಹಾಗೆ ಮುಖ ಗಂಟಿಕ್ಕಿಕೊಂಡು.

"ಪೂಜೆಗೆ ಹೋಗಿರ್ತಾಳೆ" ಎಂದಳು ನೆಕಾನೆ.

"ಬೆಳಿಗ್ಗೆ ಇಷ್ಟು ಹೊತ್ತಿಗೆ ಇಗರ್ಜಿ ಬಾಗಿಲೇ ತೆಗೆಯಲ್ಲ ಕಣೇ."

"ಕಿವಿ ಕೇಳ್ಸಲ್ಲ ಅವಳಿಗೆ."

"ನಾವು ಇಲ್ಲಿಂದ ಪಿಸುಗುಟ್ಟಿದ್ರೆ ಅಲ್ಲಿಂದ ಬಯ್ತಾಳೆ. ಕಿವಿ ಕೇಳ್ಸಲ್ವಂತೆ!"

ಮೆಸ್ಕೀತಾದ ಒಳಗೆ ಹೋದೆವು. ಒಂದು ಕಾಲದ ಮಸೀದಿ, ಈಗ ಇಗರ್ಜಿ. ಚಿಕ್ಕವಳಿದ್ದಾಗಿನಿಂದ ನೋಡಬೇಕೆಂದುಕೊಂಡ ಜಾಗ. ಕಂಬದ ಪಕ್ಕ ಕಂಬ, ಕಣ್ಣು ಹೋದಷ್ಟು ದೂರ ಕಂಬ, ಅವುಗಳ ಮೇಲೆ ಕೆಂಪು ಬಿಳಿ ಪಟ್ಟೆಯ ಕಮಾನುಗಳು. ಜನ ಬಾಯಿ ತೆರೆದು ನಿಂತಿದ್ದರು. ನನಗೆ ಆ ಅರೆಗತ್ತಲಲ್ಲಿ ಯಾವ ಕಮಾನು ನೋಡಿದರೂ ಕೆಂಪಗೆ ಕಾದ ಅಗ್ಗಿಷ್ಟಿಕೆಯ ತಂತಿಯೇ ಕಂಡಿತು. ಒಂದರ ಹಿಂದೆ ಒಂದು, ನೂರಾರು ಅಗ್ಗಿಷ್ಟಿಕೆ. ಎಲ್ಲೋ ಮೇಣದಬತ್ತಿ ಆರಿಸಿದ ವಾಸನೆ ಬಂತು. ಜನರನ್ನು ತಳ್ಳಿಕೊಂಡು ಕಿತ್ತಳೆ ಗಿಡಗಳ ಅಂಗಳಕ್ಕೆ ಓಡಿ ಬಂದೆ.

ಅಲ್ಲಿ ಕಾರಂಜಿಯ ಕಟ್ಟೆಯ ಮೇಲೆ ಕೂತು ಗೆಳತಿಯರಿಗೆ ಜೀನ್ಸಿನ ವಿಷಯ ಹೇಳಿದೆ.

ಫುಯೆನ್ಸಾಂತಾಳ ಮುಖದ ಬಣ್ಣ ಇಳಿಯಿತು. "ನಿನಗೇನು ತಲೆ ಕೆಟ್ಟಿದ್ಯಾ? ಕಾಲುಚೀಲ ಸಿಕ್ಕಿದಾಗ್ಲೇ ಅಷ್ಟು ರಂಪ ಆಯ್ತು. ಜೀನ್ಸಂತೆ! ಹಾಸಿಗೇನೂ ಹಾಕ್ಬೇಕಿತ್ತು!"

"ಬಯ್ಯೋದಾದ್ರೆ ಆಮೇಲೆ ಬಯ್ಯಿ. ಈಗ ಏನು ಮಾಡೋದು ಹೇಳು."

ದಾರಿ ಹೊಳೆದದ್ದು ನೆಕಾನೆಗೆ. ನಮ್ಮ ಮನೆಯ ಎದುರೇ ಕುರ್ರೊ ಎಂಬವನ ಬಾರು. ಅದರ ನಂಬರು ಹುಡುಕಿ ಕೊಟ್ಟಳು. ಫೋನು ಎತ್ತಿದ ಕುರ್ರೊಗೆ ನಮ್ಮ ಕಿಟಕಿ ನೋಡಿ ಹೇಳು ಎಂದೆ. ಹಿಂದೆ ಲೋಟಗಳ ಸದ್ದು, ಯಾರೋ ಚೆಂಡಾಟದ ಬಗ್ಗೆ ಕೂಗುತ್ತಿದ್ದರು.

"ಹೊಗೆ ಗಿಗೆ ಏನೂ ಇಲ್ಲಮ್ಮ" ಎಂದ ಕುರ್ರೊ. "ವಾಸನೆ ಅಂದ್ರೆ, ನಾನು ಇಲ್ಲಿ ಮೀನು ಕರೀತಾ ಇದೀನಿ, ನನಗೇನು ಗೊತ್ತಾಗತ್ತೆ? ಆದ್ರೆ ನಿಮ್ಮ ಕಿಟಕಿ ಸಂದೀಲಿ ಬೆಳಕು ಇದೆ. ಕೆಂಪಗೆ."

"ಕೆಂಪಗಾ?"

"ಕೆಂಪೋ ಹಳದಿಯೋ, ಏನೋ ಒಂದು. ನೀವು ಮನೇಲಿಲ್ವಾ ಹಾಗಾದ್ರೆ?"

"ಕುರ್ರೊ, ದಯವಿಟ್ಟು ಗಂಟೆ ಬಾರ್ಸಿ ನೋಡ್ತೀಯಾ? ಎರಡೂ ಮನೇದು. ಮೇಲಿಂದೂ, ಕೆಳಗಿಂದೂ."

ಕಾದೆವು. ನೆಕಾನೆ ನನ್ನ ಕೈ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ಫೋನು ಮಾಡಿ, "ಯಾರೂ ತೆಗೀಲಿಲ್ಲಮ್ಮ. ಮುದುಕೀನ ನಿನ್ನೆಯಿಂದ ನಾನು ಕಂಡೇ ಇಲ್ಲ" ಎಂದ.

ನಾವು ಹೊರಟಾಗ ದೀಪ ಹಾಕಿರಲಿಲ್ಲ, ಮಧ್ಯಾಹ್ನ ಹೊರಟವರು. ಸಂದಿಯಲ್ಲಿ ಕೆಂಪು ಕಾಣಬೇಕಾದರೆ ಅದು ಬೇರೆ ಏನಿರಲು ಸಾಧ್ಯ? ತಂಗಿಯ ಮಗಳು ನಿನ್ನೆ ಡಬ್ಬಿ ಕೊಟ್ಟು ಹೋಗಿದ್ದರೂ ಮತ್ತೆ ಬರುವುದು ಇವತ್ತು ಡ್ಯೂಟಿ ಮುಗಿದ ಮೇಲೇ, ಅಲ್ಲಿಯವರೆಗೆ ಮುದುಕಿಯನ್ನು ನೋಡುವವರು ಯಾರೂ ಇಲ್ಲ.

"ಎನ್‌ಕಾರ್ನಿಗೆ ಹೇಳ್ತೀನಿ" ಎಂದೆ.

ಫುಯೆನ್ಸಾಂತಾ ನನ್ನ ಫೋನನ್ನೇ ಕಿತ್ತುಕೊಂಡಳು. "ಹೇಳಿದ್ರೆ ಮೂವರೂ ಬೀದಿಗೆ. ಗೊತ್ತು ತಾನೇ? ನೀನೊಬ್ಳೇ ಅಲ್ಲ. ನಾನು, ಇವಳು, ಎಲ್ರೂ. ಬೆಂಕಿ ಬಿದ್ದಿದ್ರೆ ಇಷ್ಟು ಹೊತ್ತಿಗೆ ಊರೆಲ್ಲ ಗೊತ್ತಾಗ್ತಿತ್ತು. ಒಂದು ದಿನ ಸುಮ್ನಿರೋಕಾಗಲ್ವಾ ನಿನಗೆ?"

"ಮುದುಕಿ ಹೊಗೆ ಕುಡ್ದು ಮಂಚದ ಮೇಲೆ ಬಿದ್ದಿದ್ರೆ?"

"ಬಿದ್ದಿಲ್ಲ!"

"ನೋಡಿ ಬಂದ್ಯಾ ನೀನು?"

ಅಂಗಳದಲ್ಲಿದ್ದ ಜಪಾನಿನ ಪ್ರವಾಸಿಗರು ನಮ್ಮನ್ನೇ ನೋಡುತ್ತಿದ್ದರು. ನೆಕಾನೆ ಫುಯೆನ್ಸಾಂತಾಳ ಕೈಯಿಂದ ಫೋನು ತೆಗೆದು ನನಗೆ ಕೊಟ್ಟಳು.

ಎನ್‌ಕಾರ್ನಿ ಎತ್ತಲಿಲ್ಲ. ಡ್ಯೂಟಿಯಲ್ಲಿ ಫೋನು ಮುಟ್ಟುವವಳಲ್ಲ. ಧ್ವನಿ ಸಂದೇಶ ಬಿಟ್ಟೆ. ಜೀನ್ಸು, ಅಗ್ಗಿಷ್ಟಿಕೆ, ಕೆಂಪು ಬೆಳಕು, ಎತ್ತದ ಫೋನು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. "ತಪ್ಪೆಲ್ಲ ನನ್ನದು, ಇವರಿಬ್ಬರದು ಏನೂ ಇಲ್ಲ, ದಯವಿಟ್ಟು ಮೊದಲು ಹೋಗಿ ನೋಡಿ" ಎಂದೆ. ಫುಯೆನ್ಸಾಂತಾ ಬೆನ್ನು ತಿರುಗಿಸಿ ನಿಂತಿದ್ದಳು.

"ಹೋಗು ಮತ್ತೆ" ಎಂದಳು ತಿರುಗದೆ. "ಬಸ್ಸು ಹಿಡಿ. ಹೇಗೂ ನೀನು ಇಲ್ಲಿಗೆ ಬಂದೇ ಇರ್ಲಿಲ್ಲ."

ಸರಿಯಾಗಿಯೇ ಹೇಳಿದಳು. ಅದಕ್ಕೇ ಅಷ್ಟು ಚುಚ್ಚಿತು. ನೆಕಾನೆ ಎದುರಿನ ಅಂಗಡಿಯಿಂದ ಕೊಂಡು ತಂದ ಆಲೂಗಡ್ಡೆ ಮೊಟ್ಟೆಯ ದಪ್ಪ ದೋಸೆಯ ತುಂಡೊಂದನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿ, "ತಿನ್ನು. ಸತ್ತೋರ ಮನೆಗೆ ಹೋಗೋರೂ ತಿಂತಾರೆ" ಎಂದಳು. ಅವಳ ಬಾಯಿಗೆ ಬೀಗ ಇಲ್ಲ. ಆದರೂ ನನ್ನನ್ನು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಬಂದವಳು ಅವಳೇ.

ಬಸ್ಸು ಊರೂರಿಗೂ ನಿಂತಿತು. ಒಬ್ಬಳು ಮೊಲದ ಪಂಜರ ಹತ್ತಿಸಲು ಡ್ರೈವರನ ಜೊತೆ ವಾದ ಮಾಡಿದಳು. ಇನ್ನೊಬ್ಬ ಇಳಿಯಬೇಕಾದ ನಿಲ್ದಾಣದಲ್ಲಿ ನಿದ್ದೆ ಮಾಡಿಬಿಟ್ಟು, ಎದ್ದು, ಡ್ರೈವರನಿಗೇ ಬೈದ. ನಾನು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತೆ. ಇನ್ನು ಮೇಲೆ ಒದ್ದೆ ಬಟ್ಟೆಯನ್ನೇ ಉಡುತ್ತೇನೆ. ಮುದುಕಿ ಬೈದರೆ ಎದುರು ಮಾತಾಡುವುದಿಲ್ಲ. ಅವಳು ಬದುಕಿದ್ದು ನನ್ನನ್ನು ಬೀದಿಗೆ ಅಟ್ಟಲಿ, ಸಾಕು. ಒಂದು ಸಲ ಎತ್ತಿ "ಹೇಳು!" ಅಂದುಬಿಡೇ ತಾಯಿ ಎಂದು ಆ ಹಾಳು ಫೋನಿಗೇ ಬೇಡಿಕೊಂಡೆ. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಗ್ರಾನಾದಾದಲ್ಲಿ ಇಳಿದಾಗ ಬೆಟ್ಟದ ಹಿಮದ ಮೇಲೆ ಕೊನೆಯ ಬಿಸಿಲಿತ್ತು. ನಮ್ಮ ಬೀದಿಯ ಏರು ಹತ್ತುವಾಗ ಆಕಾಶ ನೋಡುತ್ತಲೇ ಓಡಿದೆ. ಹೊಗೆಯಿಲ್ಲ. ಬೀದಿಯಲ್ಲಿ ಜನ ಸೇರಿರಲಿಲ್ಲ. ಕುರ್ರೊ ಬಾಗಿಲಿನಿಂದ ಕೈ ಎತ್ತಿದ, ನಾನು ನಿಲ್ಲಲಿಲ್ಲ. ಕಿಟಕಿಯ ಸಂದಿಯಲ್ಲಿ ಬೆಳಕು ಇದ್ದದ್ದು ನಿಜ.

ಬಾಗಿಲು ತೆಗೆದದ್ದೇ ಕರಕಲು ಬಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಮನೆ ಬೆಚ್ಚಗಿತ್ತು. ಮೂಲೆಯ ಸಣ್ಣ ದೀಪ ಉರಿಯುತ್ತಿತ್ತು, ಕೆಂಪು ಬಟ್ಟೆ ಹೊದಿಸಿದ ನೆಕಾನೆಯ ದೀಪ. ಮೇಜಿನ ಲಂಗದ ಅಂಚಿನಿಂದಲೂ ನೆಲದ ಮೇಲೆ ಕೆಂಪು ಬೆಳಕು ಚೆಲ್ಲಿತ್ತು. ಮತ್ತು ಮೇಜಿನ ಮೇಲೆ ತಲೆಯಿಟ್ಟುಕೊಂಡು, ಲಂಗವನ್ನು ಎದೆಯವರೆಗೆ ಎಳೆದುಕೊಂಡು ದೊನ್ಯಾ ಅಂಗುಸ್ತಿಯಾಸ್ ಬಿದ್ದಿದ್ದಳು.

ಕೊಂದೆ, ಅಂದುಕೊಂಡೆ. ಕೊಂದೇಬಿಟ್ಟೆ. ಬೆಂಕಿ ಆರಿಸಲು ಇಳಿದು ಬಂದು ಇಲ್ಲೇ ಪ್ರಾಣ ಬಿಟ್ಟಿದ್ದಾಳೆ. ಕಾಲು ಎಳೆದುಕೊಂಡು ಹತ್ತಿರ ಹೋಗಿ ಅವಳ ಕುತ್ತಿಗೆಯ ಮೇಲೆ ಕೈಯಿಟ್ಟೆ.

"ಕೈ ತೆಗಿಯೇ, ಮಂಜುಗಡ್ಡೆ ಇದ್ದ ಹಾಗಿದೆ" ಎಂದಳು ದೊನ್ಯಾ, ಕಣ್ಣು ತೆರೆಯದೆ.

ನಾನು ನೆಲದ ಮೇಲೆ ಕುಸಿದು ಕೂತು ಹೋ ಎಂದು ಅತ್ತುಬಿಟ್ಟೆ. ಅವಳು ಎದ್ದು ಕೂತು, ಕನ್ನಡಕ ಹುಡುಕಿ ಹಾಕಿಕೊಂಡು ನನ್ನನ್ನು ನೋಡಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಮುಖ ಅವಳದ್ದಾಗಿತ್ತು.

"ನೀವು ಬರೋದು ನಾಳೆ ಅಲ್ವಾ?"

"ಫೋನು... ಎಷ್ಟು ಸಲ ಫೋನು ಮಾಡ್ದೆ..."

"ಫೋನು ಮೇಲಿದೆ. ನಾನು ಇಲ್ಲಿದೀನಿ. ಹೆಂಗೆ ಎತ್ಲಿ?"

"ಕುರ್ರೊ ಗಂಟೆ ಬಾರ್ಸಿದ್ದು ಕೇಳ್ಸಲಿಲ್ವಾ?"

"ಕೇಳ್ಸದೇ ಏನು. ಕಳ್ಳಿ ಬಾಗ್ಲು ತೆಗೀತಾಳೇನೆ?"

ಆಮೇಲೆ ಒಂದೊಂದಾಗಿ ಹೊರಬಂತು. ಎರಡು ಚಳಿಗಾಲದಿಂದ, ಈ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿಯರು ಚೀಲ ಹೊತ್ತುಕೊಂಡು ಎಲ್ಲಿಗೆ ಹೊರಟರೂ, ಚೀಲದ ಗಾಲಿಯ ಸದ್ದು ಬೀದಿಯ ತಿರುವು ದಾಟುವುದನ್ನೇ ಕಾದಿದ್ದು ಅವಳು ತನ್ನ ಕೀಲಿ ತೆಗೆದುಕೊಂಡು ಇಳಿದು ಬರುತ್ತಿದ್ದಳು. ಮೇಜಿನ ಲಂಗ ಹೊದ್ದು ಕೂರುತ್ತಿದ್ದಳು. ಎನ್‌ಕಾರ್ನಿ ಬರುವ ಹೊತ್ತಿಗೆ ಮೇಲೆ ಹತ್ತಿ ಗೋಡೆಯ ಯಂತ್ರ ಹಚ್ಚಿ ಸಾಧ್ವಿಯ ಹಾಗೆ ಕಾಯುತ್ತಿದ್ದಳು.

"ಆ ಯಂತ್ರ ಮುಖಕ್ಕೆ ಬಿಸಿಗಾಳಿ ಊದತ್ತೆ. ಕಾಲು ಹಾಗೇ ಸೆಟೆದುಕೊಂಡಿರತ್ತೆ. ಎಂಬತ್ತು ವರ್ಷ ಕಾಲು ಬೆಚ್ಚಗಿಟ್ಟುಕೊಂಡು ಬದುಕಿದೋಳು ನಾನು. ಹೊಲಿಗೆ ಕಲ್ತದ್ದು ಇಂಥ ಮೇಜಲ್ಲೇ, ನಮ್ಮಮ್ಮ ಪ್ರಾಣ ಬಿಟ್ಟದ್ದು ಇಂಥ ಮೇಜಲ್ಲೇ."

"ನಿನ್ನೆ ನೀವು ಬಂದಾಗ ಇದು... ಉರೀತಾ ಇತ್ತಾ?"

ಅವಳು ಪಕ್ಕದ ಕುರ್ಚಿಯಿಂದ ನನ್ನ ಜೀನ್ಸು ಎತ್ತಿ ತೋರಿಸಿದಳು. ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದಳು. ಮೊಣಕಾಲಿನ ಹತ್ತಿರ ಅಂಗೈಯಗಲ ಕಪ್ಪಗೆ ಸುಟ್ಟು, ನಡುವೆ ತೂತಾಗಿತ್ತು. "ಬಾಗ್ಲು ತೆಗೆದ್ರೆ ಹೊಗೆ. ಇನ್ನೊಂದು ಚೂರು ಹೊತ್ತಾಗಿದ್ರೆ ಲಂಗಕ್ಕೆ ಹತ್ಕೊಳ್ಳೋದು. ಕತ್ತೆ, ಬಟ್ಟೆ ಇಡ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

ಹಾಗಾದರೆ ಮರೆತದ್ದು ನಿಜ. ಅವಳು ಕಳ್ಳತನದಿಂದ ಬಂದು ಕೂರದಿದ್ದರೆ ಈ ಮನೆ ಇರುತ್ತಿರಲಿಲ್ಲ, ಅವಳೂ ಇರುತ್ತಿರಲಿಲ್ಲ. ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

ಅವಳು ದನಿ ತಗ್ಗಿಸಿದಳು. "ನೋಡು, ಜೀನ್ಸಿನ ವಿಷಯ ನಾನು ಬಾಯಿ ಬಿಡಲ್ಲ. ನನ್ನ ವಿಷಯ ನೀನು ಬಿಡ್ಬೇಡ. ಇನ್ನೊಂದು ಸಲ ಅಗ್ಗಿಷ್ಟಿಕೆ ಹತ್ರ ಕಂಡ್ರೆ ವೃದ್ಧಾಶ್ರಮಕ್ಕೆ ಅಂತ ಹೇಳಿದಾಳೆ ಎನ್‌ಕಾರ್ನಿ. ಸುಮ್ನೆ ಹೆದ್ರಿಸೋಕೆ ಅಲ್ಲ. ಕೋಣೆ ನೋಡಿಟ್ಟಿದಾಳೆ. ಕಿಟಕಿಯಿಂದ ಕಾರು ನಿಲ್ಸೋ ಜಾಗ ಕಾಣತ್ತಂತೆ."

ಆಗ ನೆನಪಾಯಿತು.

"ದೊನ್ಯಾ," ಎಂದೆ. "ನಾನು ಎನ್‌ಕಾರ್ನಿಗೆ ಎಲ್ಲ ಹೇಳ್ಬಿಟ್ಟೆ. ನೀವು ಸತ್ತೇ ಹೋದ್ರಿ ಅಂದ್ಕೊಂಡು..."

ಅವಳು ಬೈಯಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಮೆಟ್ಟಿಲಿನ ಕಡೆ ನೋಡಿದಳು, ತನ್ನ ಮೊಣಕಾಲಿನ ಕಡೆ ನೋಡಿದಳು. ಮೇ‌ಲೆ ಹತ್ತಿ ಹೋಗುವಷ್ಟು ಹೊತ್ತು ಇರಲಿಲ್ಲ. ಬೀದಿಬಾಗಿಲಿನಲ್ಲಿ ಆಗಲೇ ಕೀಲಿ ತಿರುಗುವ ಸದ್ದಾಯಿತು.

ಎನ್‌ಕಾರ್ನಿ ಆಸ್ಪತ್ರೆಯ ಬಿಳಿ ಪಾದರಕ್ಷೆಯಲ್ಲೇ ಬಂದಿದ್ದಳು, ಕೋಟಿನ ಗುಂಡಿಗಳು ಅಡ್ಡಾದಿಡ್ಡಿ. ಓಡಿ ಬಂದವಳ ಏದುಸಿರು. ನಮ್ಮಿಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ದೊಡ್ಡಮ್ಮ? ನೀವು ಇಲ್ಲೇನು ಮಾಡ್ತಿದೀರ?"

"ಮನೆ ಉಳ್ಸಿದ್ರು" ಎಂದೆ, ಮುದುಕಿ ಬಾಯಿ ತೆರೆಯುವ ಮೊದಲೇ. "ಸುಟ್ಟ ವಾಸನೆ ಬಂತಂತೆ. ಇಳ್ದು ಬಂದು ಆರ್ಸಿದ್ರು. ಆಮೇಲೆ ಮೊಣಕಾಲು ಹಿಡ್ಕೊಂಡು ಮೇಲೆ ಹತ್ತೋಕಾಗ್ಲಿಲ್ಲ. ನಾನು ಬಂದಾಗ ನಡುಗ್ತಾ ಕೂತಿದ್ರು, ನಾನೇ ಅಗ್ಗಿಷ್ಟಿಕೆ ಹಚ್ಚಿ ಕೂರ್ಸಿದೆ. ಅವರು ಬೇಡ ಬೇಡ ಅಂದ್ರು." ಇಷ್ಟು ಸುಳ್ಳನ್ನು ನಾನು ಹುಟ್ಟಿದಾಗಿನಿಂದ ಹೇಳಿರಲಿಲ್ಲ.

ಎನ್‌ಕಾರ್ನಿ ಜೀನ್ಸಿನ ತೂತು ನೋಡಿದಳು. ನನ್ನನ್ನು ನೋಡಿದಳು. "ಮೊದಲು ಆ ಹಾಳಾದ್ದನ್ನ ಹೊರಗೆ ತೆಗೀತೀನಿ" ಎಂದು ಮೇಜಿನ ಬಳಿ ಮೊಣಕಾಲೂರಲು ಬಗ್ಗಿದಳು.

ದೊನ್ಯಾಳ ಕೈ ತೊಡೆಯ ಮೇಲಿನ ಲಂಗವನ್ನು ಬಿಗಿಯಾಗಿ ಹಿಡಿಯಿತು. ಯಾಕೆಂದು ನನಗೆ ಹೊಳೆಯಿತು. ನಮ್ಮಜ್ಜಿಗೂ ಇತ್ತಲ್ಲ: ಅಗ್ಗಿಷ್ಟಿಕೆಯ ಮುಂದೆ ದಿನಗಟ್ಟಲೆ ಕೂತವರ ಕಣಕಾಲಿನಲ್ಲಿ ಕೆಂಪಗೆ ಬಲೆ ಬಲೆಯಾಗಿ ಏಳುವ ಗುರುತು. ಮೇಕೆಮರಿ ಎನ್ನುತ್ತೇವೆ. ಬಿಸಿ ಬಿಟ್ಟರೆ ಕೆಲವು ತಿಂಗಳಲ್ಲಿ ಮಾಸುತ್ತದೆ. ಎರಡು ವರ್ಷದಿಂದ ಅಗ್ಗಿಷ್ಟಿಕೆ ಮುಟ್ಟದವಳ ಕಾಲಿನಲ್ಲಿ ಹೊಸ ಮೇಕೆಮರಿ ಕಂಡರೆ ನರ್ಸಿಗೆ ಬೇರೆ ಸಾಕ್ಷಿ ಬೇಕೇ?

"ನಾನೇ ತೆಗೀತೀನಿ, ತಪ್ಪು ನಂದು" ಎಂದು ಅವಳನ್ನು ಬಹುತೇಕ ತಳ್ಳಿಯೇ ಲಂಗದ ಕೆಳಗೆ ನುಗ್ಗಿದೆ.

ಒಳಗೆ ಕೆಂಪು ಬೆಳಕು. ಎದುರಿಗೇ ದೊನ್ಯಾಳ ಕಾಲು. ಪಾದದಿಂದ ಮೊಣಕಾಲಿನವರೆಗೆ ಮೇಕೆಮರಿ, ಹಸಿ ಹಸಿಯಾಗಿ. ಕಾಲುಚೀಲವನ್ನು ಮೇಲಕ್ಕೆಳೆದು, ನಿಲುವಂಗಿಯನ್ನು ಕೆಳಗೆ ಜಗ್ಗಿ ಮುಚ್ಚಿದೆ. ಮೇಲೆ ಅವಳ ದನಿ ಕೇಳಿಸಿತು: "ನೋಡು ಎನ್‌ಕಾರ್ನಿ, ಎಂಥಾ ಹುಡುಗೀರು ಸೇರ್ಕೊಂಡಿದಾವೆ ಮನೇಲಿ! ತಲೆ ಅನ್ನೋದು ಇದ್ಯಾ ಇವಕ್ಕೆ? ನನ್ನನ್ನ ಜೀವಂತ ಸುಡ್ತಿದ್ವು! ಈ ತಿಂಗ್ಳೇ ಖಾಲಿ ಮಾಡಿಸ್ತೀನಿ, ಬೇಕಾದ್ರೆ ನೋಡು!" ಹಾಗೆ ಕೂಗುತ್ತಲೇ ಮೇಜಿನ ಕೆಳಗೆ ಕೈ ಇಳಿಬಿಟ್ಟು ನನ್ನ ತಲೆ ಸವರಿದಳು. ನಾನು ಸ್ವಿಚ್ಚು ಆರಿಸಿದೆ. ಈ ಸಲ ಆರಿಸಿದ್ದು ಚೆನ್ನಾಗಿ ನೆನಪಿದೆ.

ಎನ್‌ಕಾರ್ನಿ ಅಗ್ಗಿಷ್ಟಿಕೆ ತಣ್ಣಗಾಗುವವರೆಗೆ ನಿಂತಲ್ಲೇ ಕಾದಳು. ಆಮೇಲೆ ಅದನ್ನು ಸಂತೆಯ ಚೀಲಕ್ಕೆ ಹಾಕಿಕೊಂಡಳು. "ಇನ್ನು ಮೇಲೆ ಈ ಮನೇಲಿ ಇದು ಇರಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಖಾಲಿ ಮಾಡ್ಸೋ ಮಾತು ಸೋಮವಾರ ಆಡೋಣ" ಎಂದಳು. ಹೋಗುವ ಮೊದಲು ದೊಡ್ಡಮ್ಮನ ಹಣೆಗೆ ಮುತ್ತಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು. ಅವಳೂ ದಾರಿಯುದ್ದಕ್ಕೂ ನನ್ನ ಹಾಗೆಯೇ ಓಡಿ ಬಂದವಳು ಎಂದು ಆಗ ತಿಳಿಯಿತು. ಮೇಲಿನ ಮನೆ ಬೆಚ್ಚಗೆ ಮಾಡಿ, ಊಟ ಬಿಸಿಗಿಡುತ್ತೇನೆಂದು ಮೆಟ್ಟಿಲು ಹತ್ತಿದಳು.

ನಾವಿಬ್ಬರೇ ಉಳಿದೆವು. ಲಂಗದೊಳಗೆ ಸ್ವಲ್ಪ ಬಿಸಿ ಇನ್ನೂ ಇತ್ತು. ನಾನೂ ಕಾಲು ಚಾಚಿ ಕೂತೆ.

"ಬೈದದ್ದಕ್ಕೆ ಬೇಜಾರು ಮಾಡ್ಕೋಬೇಡ" ಎಂದಳು. "ಮನೆ ನಂದು. ಯಾರೂ ಎಲ್ಲಿಗೂ ಹೋಗಲ್ಲ."

"ನಾನು ಸುಮ್ನಿದ್ದಿದ್ರೆ ಚೆನ್ನಾಗಿತ್ತು ದೊನ್ಯಾ. ನಾಳೆ ಬಂದಿದ್ರೆ ನಿಮ್ಮ ಅಗ್ಗಿಷ್ಟಿಕೆ ಉಳೀತಿತ್ತು."

ಅವಳ ಜೀವ ಉಳಿಸಲು ಅಷ್ಟು ದೂರದಿಂದ ಓಡಿ ಬಂದ ನಾನು, ಅವಳಿಗಿದ್ದ ಒಂದೇ ಒಂದು ಬೆಚ್ಚನೆ ಜಾಗವನ್ನು ನನ್ನ ಕೈಯಾರೆ ಎತ್ತಿ ಕೊಟ್ಟಿದ್ದೆ. ಅದು ಇಬ್ಬರಿಗೂ ಗೊತ್ತಿತ್ತು.

ಫೋನು ಟಿಣ್ ಎಂದಿತು. ಫುಯೆನ್ಸಾಂತಾ. "ಬದುಕಿದಾಳಾ?" ಅಂತ ಕೇಳಿದ್ದಳು. ಕೆಳಗೆ ಮೆಸ್ಕೀತಾದ ಒಂದು ಫೋಟೊ, ಬರೀ ಕಂಬಗಳು, ಕಮಾನುಗಳು. "ನೀನು ನೋಡಲಿಲ್ವಲ್ಲ, ಅದಕ್ಕೆ" ಎಂದಿತ್ತು. ಬದುಕಿದಾಳೆ ಎಂದು ಬರೆದೆ. ಫೋಟೊವನ್ನು ದೊನ್ಯಾಗೆ ತೋರಿಸಿದೆ. ಅವಳು ಕನ್ನಡಕ ಮೇಲೇರಿಸಿ, ಹೊಲಿಗೆಯ ಗಂಟು ಹುಡುಕುವವಳ ಹಾಗೆ ಹತ್ತಿರ ಹಿಡಿದು ನೋಡಿದಳು.

"ಇಷ್ಟು ಹತ್ರ ಇದ್ದೂ ನಾನು ಕೊರ್ದೊಬಾ ನೋಡೇ ಇಲ್ಲ. ಚೆನ್ನಾಗಿದ್ಯಾ?"

"ಗೊತ್ತಿಲ್ಲ. ನಾನೂ ನೋಡ್ಲಿಲ್ಲ."

ಲಂಗದೊಳಗಿನ ಬಿಸಿ ಇಳಿಯುತ್ತಿತ್ತು. ಅವಳು ತನ್ನ ಕಾಲನ್ನು ತಂದು ನನ್ನ ಕಾಲಿನ ಮೇಲಿಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ಮುಂದಿನ ಶನಿವಾರ ಎಲ್ಲಿಗೆ ಹೊರಟಿದೀರಾ?" ಎಂದಳು.

"ಮಲಾಗಾಕ್ಕೆ ಅಂತ ಮಾತಾಡ್ಕೊಂಡಿದ್ವಿ."

ಮೇಲಿನಿಂದ ಎನ್‌ಕಾರ್ನಿ "ದೊಡ್ಡಮ್ಮ, ಊಟ!" ಎಂದು ಕೂಗಿದಳು. ದೊನ್ಯಾ ಏಳಲಿಲ್ಲ.

"ಹೋಗ್ಬೇಡಿ" ಎಂದಳು.